ಬ್ರೇಕ್ ಪ್ಯಾಡ್ ಮತ್ತು ಟೈರ್: ಕೊಳ್ಳುವ ಮೊದಲು ಏನು ನೋಡಬೇಕು, ಹಾಕಿಸಿದ ಮೇಲೆ ಏನು ಮಾಡಬೇಕು

ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅನ್ನಿಸಿದ ಕೂಡಲೇ ಎಲ್ಲರಿಗೂ ಮೊದಲು ನೆನಪಾಗುವುದು ಪ್ಯಾಡ್. ಟೈರ್ ಕಡೆ ಯಾರೂ ನೋಡುವುದಿಲ್ಲ. ಆದರೆ ಪ್ಯಾಡ್ ಮಾಡುವುದು ಚಕ್ರ ತಿರುಗದಂತೆ ಹಿಡಿಯುವ ಕೆಲಸ ಮಾತ್ರ. ಕಾರು ನಿಲ್ಲಬೇಕಾದರೆ ಟೈರ್ ರಸ್ತೆಯನ್ನು ಹಿಡಿದುಕೊಳ್ಳಬೇಕು. ಒಣ ರಸ್ತೆಯಲ್ಲಿ ಪೆಡಲ್ ಜೋರಾಗಿ ತುಳಿದಾಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಶುರುವಾಗಿ ಕಾಲಿನ ಕೆಳಗೆ ಗಡಗಡ ಅನ್ನಿಸುತ್ತದೆ ಅಂದರೆ, ನಿಮ್ಮ ಬ್ರೇಕಿಗೆ ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿ ಈಗಲೇ ಇದೆ ಅಂತ ಅರ್ಥ. ಅಲ್ಲಿ ಸೋಲುತ್ತಿರುವುದು ಟೈರ್. ಆಮೇಲೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಆ ಒಂದು ಸಲದ ಬ್ರೇಕಿನಲ್ಲಿ ಕಾರು ಬೇಗ ನಿಲ್ಲುವುದಿಲ್ಲ.

ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನನ್ನ ಲೆಕ್ಕ ಸರಳ. ಪ್ಯಾಡ್ ಸವೆದಿದ್ದರೆ ಬದಲಿಸಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ಕಾರಿನ ಜೊತೆ ಬಂದ ಮಟ್ಟದ ಪ್ಯಾಡ್ ಬಹುತೇಕ ಎಲ್ಲರಿಗೂ ಸಾಕು. ಒಂದಿಷ್ಟು ಜಾಸ್ತಿ ಖರ್ಚು ಮಾಡುವ ಮನಸ್ಸಿದ್ದರೆ ಅದನ್ನು ಟೈರಿಗೆ ಹಾಕಿ.

1. ಮೊದಲು ಏನು ಸವೆದಿದೆ, ಯಾಕೆ ಸವೆದಿದೆ ನೋಡಿ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ. ಮುಂದಿನ ಟೈರುಗಳ ಮೇಲ್ಮೈ ಪೂರ್ತಿ ಕಾಣುತ್ತದೆ. ಒಳಗಿನ ಅಂಚನ್ನು ಬಿಡಬೇಡಿ, ಯಾಕೆಂದರೆ ಹೊರಗಿನಿಂದ ಚೆನ್ನಾಗೇ ಕಾಣುವ ಟೈರ್ ಒಳಗಡೆ ಬೋಳಾಗಿರುವುದು ತುಂಬಾ ಸಾಮಾನ್ಯ. ಟೈರಿನ ಪಕ್ಕದಲ್ಲಿ ಟಿಡಬ್ಲ್ಯೂಐ ಅಂತ ಅಕ್ಷರವೋ ಚಿಕ್ಕ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ, ನೆಲ ತಾಗುವ ಮೇಲ್ಮೈಯ ತೋಡಿನೊಳಗೆ, ಅಡ್ಡಕ್ಕೆ, ಸಣ್ಣ ರಬ್ಬರ್ ದಿಬ್ಬ ಕಾಣುತ್ತದೆ. ಅದರ ಎತ್ತರ 1.6 ಮಿ.ಮೀ. ಟೈರ್ ಸವೆದು ಆ ದಿಬ್ಬಕ್ಕೆ ಸಮವಾಯಿತು ಅಂದರೆ ಟೈರಿನ ಕಥೆ ಮುಗಿಯಿತು. ಬಹಳಷ್ಟು ದೇಶಗಳಲ್ಲಿ ಕಾನೂನು ಹೇಳುವ ಕನಿಷ್ಠ ಅಳತೆಯೂ ಇದೇ.

ಆದರೆ ಅಲ್ಲಿಯವರೆಗೆ ಕಾಯಬೇಡಿ. ಹೊಸ ಕಾರ್ ಟೈರಿನಲ್ಲಿ ತೋಡಿನ ಆಳ ಸುಮಾರು 8 ಮಿ.ಮೀ. ಇರುತ್ತದೆ. ಆ ತೋಡುಗಳು ಇರುವುದೇ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ. ಆಳ 3 ಮಿ.ಮೀ.ಗಿಂತ ಕಡಿಮೆಯಾದ ಮೇಲೆ ಒಣ ರಸ್ತೆಯಲ್ಲಿ ಏನೂ ಗೊತ್ತಾಗದಿರಬಹುದು, ಒದ್ದೆ ರಸ್ತೆಯಲ್ಲಿ ಮಾತ್ರ ಕಾರು ನಿಲ್ಲುವ ದೂರ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಹೊಸ ಟೈರ್ ಹುಡುಕಲು ಶುರು ಮಾಡಿ.

ಸವೆತದ ಆಕಾರ ನೋಡಿ. ಎರಡೂ ಅಂಚು ಸವೆದು ನಡುಭಾಗ ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದ್ದೀರಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿಯಾಗಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ತಪ್ಪಿದೆ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ಅನುಮಾನ ಪಡಿ. ಕಾರಣ ಸರಿ ಮಾಡದೆ ಹೊಸ ಟೈರ್ ಹಾಕಿದರೆ ಅದೂ ಹೀಗೇ ಸವೆಯುತ್ತದೆ, ಸುಮ್ನೆ ದಂಡ.

ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಒಳಗಿನ ದಾರಗಳು ಕಡಿದಿವೆ. ಆ ಟೈರನ್ನು ಸರಿ ಮಾಡಲು ಬರುವುದಿಲ್ಲ, ಯಾರು ಏನೇ ಹೇಳಲಿ. ಪಕ್ಕದ ಗೋಡೆಗೆ ಮೊಳೆ ಹೊಕ್ಕಿದ್ದರೂ ಅಷ್ಟೇ. ಪಂಕ್ಚರ್ ಹಾಕುವುದು ನೆಲ ತಾಗುವ ಭಾಗಕ್ಕೆ ಮಾತ್ರ, ಅದೂ ತೂತು ಸುಮಾರು 6 ಮಿ.ಮೀ. ಒಳಗಿದ್ದರೆ.

ಇನ್ನು ಪ್ಯಾಡ್. ಅಲಾಯ್ ಚಕ್ರವಾದರೆ ಕಡ್ಡಿಗಳ ಸಂದಿಯಿಂದ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಡಿಸ್ಕನ್ನು (ಚಕ್ರದ ಜೊತೆ ತಿರುಗುವ ತಟ್ಟೆ) ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್ ಒಳಗೆ ಹೊರಗಿನ ಪ್ಯಾಡ್ ಕಾಣುತ್ತದೆ. ಹಿಂದೆ ಕಬ್ಬಿಣದ ತಗಡು, ಅದರ ಮೇಲೆ ಉಜ್ಜುವ ವಸ್ತು. ತಗಡನ್ನು ಬಿಟ್ಟು ಉಜ್ಜುವ ವಸ್ತುವಿನ ದಪ್ಪ ಮಾತ್ರ ಲೆಕ್ಕ. ಹೊಸದರಲ್ಲಿ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ, 3 ಮಿ.ಮೀ.ಗೆ ಬಂದರೆ ಬದಲಿಸಿ. ಒಂದು ವಿಷಯ ನೆನಪಿಡಿ. ಹೊರಗಿನ ಪ್ಯಾಡ್ ದಪ್ಪ ಇದೆ ಅಂತ ನೆಮ್ಮದಿಯಾಗಿರಬೇಡಿ. ಬಹಳಷ್ಟು ಕಾರುಗಳಲ್ಲಿ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುತ್ತದೆ, ಆ ಪಿನ್ ಒಣಗಿ ಹಿಡಿದುಕೊಂಡರೆ ಒಳಗಿನ ಪ್ಯಾಡ್ ಬೇಗ ಸವೆಯುತ್ತದೆ, ಅದು ಹೊರಗಿನಿಂದ ಕಾಣುವುದೇ ಇಲ್ಲ. ಖಚಿತ ಬೇಕಾದರೆ ಚಕ್ರ ಬಿಚ್ಚಿ ನೋಡಬೇಕು.

ಬ್ರೇಕ್ ಹಾಕಿದಾಗ ಸಣ್ಣಗೆ ಕೀಚ್ ಅಂತ ಸದ್ದು ಬರುತ್ತಿದ್ದರೆ ಅದು ಪ್ಯಾಡಿಗೆ ಬೇಕಂತಲೇ ಇಟ್ಟಿರುವ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗುತ್ತಿರುವುದು ಇರಬಹುದು. ಕಬ್ಬಿಣಕ್ಕೆ ಕಬ್ಬಿಣ ಕೆರೆದ ಹಾಗೆ ಗರಗರ ಸದ್ದು ಬಂದರೆ ತಡವಾಗಿದೆ. ಡಿಸ್ಕಿಗೂ ಗಾಯ ಆಗಿರುತ್ತದೆ.

ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಡಬ್ಬಿಯಲ್ಲಿ ಆಯಿಲ್ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ಮಟ್ಟ ಸ್ವಲ್ಪ ಇಳಿದಿದ್ದರೆ ಅದು ಪ್ಯಾಡ್ ಸವೆದ ಸುಳಿವು. ಇದನ್ನು ತಿಳಿಯದೆ ಮೇಲೆ ಮೇಲೆ ಆಯಿಲ್ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳಿದ ಕೂಡಲೇ ಡಬ್ಬಿ ಉಕ್ಕಿ ಹರಿಯುತ್ತದೆ. ಅದು ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಅದು ಬೇರೆ ಮಾತು, ಎಲ್ಲೋ ಸೋರುತ್ತಿದೆ.

2. ಟೈರಿನ ಪಕ್ಕದಲ್ಲಿರುವ ಬರಹ ಓದಿಕೊಳ್ಳಿ

ಉದಾಹರಣೆಗೆ 185/65 ಆರ್15 88ಎಚ್ ಅಂತ ಇದೆ ಅಂದುಕೊಳ್ಳಿ. 185 ಅಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ 65 ಪಾಲು. ಆರ್ ಅಂದರೆ ರೇಡಿಯಲ್, ಅದು ಟೈರ್ ಕಟ್ಟಿರುವ ಬಗೆ. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಭಾರದ ಸೂಚಿ, ಅಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು. ಎಚ್ ವೇಗದ ಅಕ್ಷರ, ಗಂಟೆಗೆ 210 ಕಿ.ಮೀ.ವರೆಗೆ.

ಕೊನೆಯ ಎರಡನ್ನು ಜನ ಮರೆಯುತ್ತಾರೆ. ಅಂಗಡಿಯವರೂ ಕೆಲವೊಮ್ಮೆ ಮರೆಯುತ್ತಾರೆ, ಇಲ್ಲ ಮರೆತ ಹಾಗೆ ಮಾಡುತ್ತಾರೆ. 84 ಅಂದರೆ 500 ಕೆ.ಜಿ., 91 ಅಂದರೆ 615 ಕೆ.ಜಿ. ಕಾರು ತಯಾರಿಸಿದವರು 88 ಅಂದಿದ್ದರೆ 88 ಅಥವಾ ಅದಕ್ಕಿಂತ ಮೇಲಿನದೇ ಬೇಕು, ಕೆಳಗಿನದು ಬೇಡ. ವೇಗದ ಅಕ್ಷರಗಳಲ್ಲಿ ಎಸ್ 180, ಟಿ 190, ಎಚ್ 210, ವಿ 240. ನಾನು ಅಷ್ಟು ವೇಗ ಹೋಗುವುದೇ ಇಲ್ಲವಲ್ಲ ಅಂತ ಕೇಳಬಹುದು. ನಿಜ, ಆದರೆ ಆ ಅಕ್ಷರ ಬಿಸಿ ತಡೆಯುವ ಶಕ್ತಿಯನ್ನೂ ಹೇಳುತ್ತದೆ, ತುಂಬಿದ ಕಾರನ್ನು ಬಿಸಿಲಲ್ಲಿ ಗಂಟೆಗಟ್ಟಲೆ ಓಡಿಸುವಾಗ ಬೇಕಾಗುವುದು ಅದೇ. ಎಕ್ಸ್‌ಎಲ್ ಅಂತ ಇದ್ದರೆ ಅದೇ ಸೈಜಿನಲ್ಲಿ ಜಾಸ್ತಿ ಭಾರ ಹೊರುವ ಟೈರ್ ಅಂತ.

ಬೇಕಾದ ಸೈಜು ಮತ್ತು ಗಾಳಿಯ ಒತ್ತಡ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಇರುತ್ತದೆ, ಇಲ್ಲವಾದರೆ ಪೆಟ್ರೋಲ್ ಮುಚ್ಚಳದ ಒಳಗೆ ಅಥವಾ ಮಾಲೀಕರ ಕೈಪಿಡಿಯಲ್ಲಿ. ಸೆಕೆಂಡ್ ಹ್ಯಾಂಡ್ ಕಾರಾದರೆ ಈಗ ಹಾಕಿರುವ ಟೈರನ್ನು ನಂಬಬೇಡಿ, ಹಿಂದಿನವರು ಏನು ಹಾಕಿಸಿದ್ದರೋ ಯಾರಿಗೆ ಗೊತ್ತು, ಚೀಟಿಯನ್ನೇ ನಂಬಿ.

ಸೈಜು ದೊಡ್ಡದು ಮಾಡುವ ಆಸೆ ಬಹಳ ಜನರಿಗೆ ಇರುತ್ತದೆ. ಮಾಡಬಾರದು ಅಂತಲ್ಲ, ಲೆಕ್ಕ ಹಾಕಿ ಮಾಡಿ. 185/65 ಆರ್15ರ ಪೂರ್ತಿ ವ್ಯಾಸ ಹೀಗೆ: ರಿಮ್ 15 ಇಂಚು ಅಂದರೆ 381 ಮಿ.ಮೀ., ಮೇಲೆ ಕೆಳಗೆ ಒಂದೊಂದು ಗೋಡೆ 120.25 ಮಿ.ಮೀ., ಒಟ್ಟು 621.5. ಈಗ 195/55 ಆರ್16 ತಗೊಂಡರೆ 620.9 ಬರುತ್ತದೆ, ಹೆಚ್ಚು ಕಡಿಮೆ ಅಷ್ಟೇ. ಇದು ಸರಿಯಾದ ಬದಲಾವಣೆ, ಭಾರದ ಸೂಚಿ ಹೊಂದಿದರೆ ಮತ್ತು ರಿಮ್ ಕಾರಿಗೆ ಒಪ್ಪಿದರೆ. ಆದರೆ ಅದೇ 15 ಇಂಚಿನ ರಿಮ್ಮಿಗೆ 205/65 ಹಾಕಿದರೆ 647.5 ಆಗುತ್ತದೆ, ನೂರಕ್ಕೆ 4ರಷ್ಟು ಜಾಸ್ತಿ. ಸ್ಪೀಡೋಮೀಟರ್ ತೋರಿಸುವುದಕ್ಕಿಂತ ನೀವು ವೇಗವಾಗಿ ಹೋಗುತ್ತಿರುತ್ತೀರಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಡೆ ಉಜ್ಜಬಹುದು, ಮತ್ತೆ ದೊಡ್ಡ ಚಕ್ರವನ್ನು ನಿಲ್ಲಿಸಲು ಅದೇ ಬ್ರೇಕು ಜಾಸ್ತಿ ಕಷ್ಟಪಡಬೇಕು. ಹೀಗೆ ದೊಡ್ಡ ಟೈರ್ ಹಾಕಿಸಿಕೊಂಡು ಆಮೇಲೆ ಬ್ರೇಕ್ ಸಾಲುತ್ತಿಲ್ಲ ಅಂತ ಪ್ಯಾಡ್ ಹುಡುಕುವವರು ಕಡಿಮೆ ಇಲ್ಲ.

3. ಯಾವ ಬಗೆಯ ಟೈರ್

ಟೈರ್ ತಯಾರಿಕೆಯಲ್ಲಿ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಮೆತ್ತಗಿನ ರಬ್ಬರ್ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಾಳಿಕೆ ಬರುತ್ತದೆ, ಒದ್ದೆಯಲ್ಲಿ ಜಾರುತ್ತದೆ. ದುಬಾರಿ ಟೈರುಗಳು ಈ ಎರಡರ ನಡುವೆ ಒಳ್ಳೆ ರಾಜಿ ಮಾಡಿಕೊಂಡಿರುತ್ತವೆ ಅನ್ನಬಹುದು, ಆದರೆ ರಾಜಿ ಅಂತೂ ಇದ್ದೇ ಇರುತ್ತದೆ.

ಅಮೆರಿಕದ ಪದ್ಧತಿಯ ಟೈರುಗಳಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ, 300, 400, 500 ಹೀಗೆ. ಜಾಸ್ತಿ ಇದ್ದಷ್ಟೂ ನಿಧಾನ ಸವೆತ. ಅದೇ ಸಾಲಿನಲ್ಲಿ ಟ್ರ್ಯಾಕ್ಷನ್ ಅಂತ ಎಎ, ಎ, ಬಿ, ಸಿ ದರ್ಜೆ, ಅದು ಒದ್ದೆ ನೆಲದ ಮೇಲೆ ನೇರ ಬ್ರೇಕಿನ ಹಿಡಿತಕ್ಕೆ. ಟೆಂಪರೇಚರ್ ಅಂತ ಎ, ಬಿ, ಸಿ ದರ್ಜೆ ಬಿಸಿ ತಡೆಯುವುದಕ್ಕೆ. ಈ ದರ್ಜೆಗಳನ್ನು ಕೊಟ್ಟುಕೊಳ್ಳುವುದು ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಟ್ರೆಡ್‌ವೇರ್ ಚೆನ್ನಾಗಿದೆ, ಎರಡು ಕಂಪನಿಗಳ ನಡುವೆ ಅಷ್ಟೊಂದು ನಂಬಬೇಡಿ. ಯುರೋಪಿನ ಲೇಬಲ್ ಇದ್ದರೆ ಅದು ನನಗೆ ಇನ್ನೂ ಇಷ್ಟ, ಅದರಲ್ಲಿ ಇಂಧನ ಉಳಿತಾಯ, ಒದ್ದೆ ಹಿಡಿತ, ಸದ್ದು ಮೂರನ್ನೂ ಬೇರೆ ಬೇರೆ ತೋರಿಸುತ್ತಾರೆ. 2021ರ ಮೇ ತಿಂಗಳಿಂದ ಮೊದಲ ಎರಡಕ್ಕೆ 'ಎ' ಇಂದ 'ಇ' ವರೆಗೆ ದರ್ಜೆ ಇದೆ. ಒದ್ದೆ ಹಿಡಿತಕ್ಕೆ ಎ ಅಥವಾ ಬಿ ಇರುವುದನ್ನೇ ನೋಡಿ. ಮೈಲೇಜಿನಲ್ಲಿ ಎ ಇದ್ದು ಒದ್ದೆ ಹಿಡಿತದಲ್ಲಿ ಡಿ ಇರುವ ಟೈರ್ ನಾನಾದರೆ ತಗೊಳ್ಳುವುದಿಲ್ಲ.

ಹಿಮ ಬೀಳುವ ಕಡೆ ಇರುವವರಿಗೆ ಬೇರೆ ಮಾತು. ಹೊರಗಿನ ಉಷ್ಣತೆ 7 ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆಯ ಟೈರಿನ ರಬ್ಬರ್ ಬಿಗಿಯಾಗುತ್ತದೆ, ಅಂಥ ಕಡೆ ಬೆಟ್ಟದ ಮೂರು ತುದಿಗಳ ಒಳಗೆ ಹಿಮದ ಹರಳಿನ ಗುರುತು ಇರುವ ಟೈರ್ ಬೇಕು. ಎಂ+ಎಸ್ (ಕೆಸರು ಮತ್ತು ಹಿಮ) ಅಂತ ಮಾತ್ರ ಬರೆದಿದ್ದರೆ ಅದನ್ನು ಯಾರಾದರೂ ಹಿಮದ ಮೇಲೆ ಪರೀಕ್ಷೆ ಮಾಡಿರಲೇಬೇಕು ಅಂತಿಲ್ಲ.

ಎಲೆಕ್ಟ್ರಿಕ್ ಕಾರಿದ್ದರೆ ಇನ್ನೊಂದು ಮಾತು. ಬ್ಯಾಟರಿಯಿಂದಾಗಿ ಕಾರು ಭಾರ, ಮೋಟಾರಿನ ಎಳೆತ ಒಮ್ಮೆಲೇ ಬರುತ್ತದೆ, ಟೈರ್ ಬೇಗ ಸವೆಯುತ್ತದೆ. ಭಾರದ ಸೂಚಿಯಲ್ಲಿ ರಾಜಿ ಬೇಡವೇ ಬೇಡ. ಇವುಗಳಲ್ಲಿ ಪ್ಯಾಡ್ ಮಾತ್ರ ತುಂಬಾ ಬಾಳುತ್ತದೆ, ಯಾಕೆಂದರೆ ವೇಗ ಇಳಿಸುವ ಕೆಲಸ ಬಹುಪಾಲು ಮೋಟಾರೇ ಮಾಡುತ್ತದೆ. ಆದರೆ ಬಳಕೆ ಕಡಿಮೆಯಾಗಿ ಡಿಸ್ಕಿಗೆ ತುಕ್ಕು ಹಿಡಿಯುವುದೂ, ಪಿನ್ನುಗಳು ಹಿಡಿದುಕೊಳ್ಳುವುದೂ ಇದೆ, ಹಾಗಾಗಿ ಪ್ಯಾಡ್ ದಪ್ಪ ಇದೆ ಅಂತ ಬಿಚ್ಚಿ ನೋಡದೆ ಇರಬೇಡಿ.

4. ಹುಟ್ಟಿದ ತಾರೀಖು

ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆ ಇರುತ್ತವೆ. 2324 ಅಂದರೆ 2024ರ 23ನೇ ವಾರ. ಕೆಲವು ಟೈರುಗಳಲ್ಲಿ ಈ ನಾಲ್ಕು ಅಂಕೆ ಒಂದೇ ಪಕ್ಕದಲ್ಲಿ ಇರುತ್ತವೆ, ಅದು ಕಾರಿನ ಒಳಮುಖಕ್ಕೆ ಬಂದರೆ ಆಮೇಲೆ ಕಾಣುವುದಿಲ್ಲ. ರಿಮ್ಮಿಗೆ ಹಾಕುವ ಮೊದಲೇ ನಾಲ್ಕೂ ಟೈರಿನ ಅಂಕೆ ನೋಡಿಬಿಡಿ. ಚೆನ್ನಾಗಿ ಇಟ್ಟಿದ್ದ ಒಂದು ವರ್ಷದ ಟೈರಿನಲ್ಲಿ ತೊಂದರೆ ಏನೂ ಇಲ್ಲ. ಮೂರು ನಾಲ್ಕು ವರ್ಷ ಹಳೆಯದನ್ನು ಹೊಸದರ ಬೆಲೆಗೆ ಯಾಕೆ ತಗೋಬೇಕು ಅಲ್ವಾ?

ಕಾರಿನ ಮೇಲಿರುವ ಟೈರಿಗೂ ವಯಸ್ಸಿನ ಮಿತಿ ಇದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷವಾದರೆ ತೋಡು ಎಷ್ಟೇ ಆಳ ಇರಲಿ ತೆಗೆದುಬಿಡಿ ಅಂತ ಟೈರ್ ಕಂಪನಿಗಳು ಹೇಳುತ್ತವೆ. ಕೆಲವು ಕಾರು ಕಂಪನಿಗಳು ಆರು ವರ್ಷಕ್ಕೇ ಬದಲಿಸಿ ಅನ್ನುತ್ತವೆ. ಕಾರು ಕಡಿಮೆ ಓಡಿಸುವವರು ಸಿಕ್ಕಿಬೀಳುವುದು ಇಲ್ಲೇ, ಟೈರ್ ನೋಡಲು ಹೊಸದರ ಹಾಗೆ ಇರುತ್ತದೆ, ರಬ್ಬರ್ ಮಾತ್ರ ಒಣಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ಸ್ಟೆಪ್ನಿಯ ಅಂಕೆಯನ್ನೂ ಇದೇ ಸಮಯದಲ್ಲಿ ನೋಡಿ.

5. ಎರಡೇ ಹಾಕಿಸುವುದಾದರೆ ಎಲ್ಲಿ

ನಾಲ್ಕೂ ಒಟ್ಟಿಗೆ ಬದಲಿಸಿದರೆ ಒಳ್ಳೆಯದು. ಆಗದಿದ್ದರೆ ಒಂದು ಅಚ್ಚಿನ (ಆಕ್ಸಲ್), ಅಂದರೆ ಎಡ ಬಲದ ಜೋಡಿ ಚಕ್ರಗಳ, ಎರಡು, ಒಂದೇ ಕಂಪನಿ, ಒಂದೇ ಮಾದರಿ. ಆ ಎರಡು ಹೊಸ ಟೈರ್ ಹಿಂದಕ್ಕೆ ಹಾಕಿಸಿ.

ಇಲ್ಲಿ ಜಗಳ ಶುರುವಾಗುತ್ತದೆ. ಮುಂದಿನ ಚಕ್ರ ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲು ಹೊರುವುದು, ಹಾಗಿದ್ದ ಮೇಲೆ ಹೊಸದು ಮುಂದಕ್ಕೆ ತಾನೇ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಕಾರಣ ಇಷ್ಟೇ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರ್ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹಳ ಸಲ ಮತ್ತೆ ಹಿಡಿತ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿ ತಿರುಗಿದ ಹಾಗೆ ತಿರುಗಿಬಿಡುತ್ತದೆ, ಆಗ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಕೆಡುತ್ತದೆ, ಅದನ್ನು ಸಂಭಾಳಿಸುವುದು ನುರಿತವರಿಗೂ ಕಷ್ಟ. ಮುಂದಿನ ಚಕ್ರ ಎಳೆಯುವ ಕಾರಿಗೂ ಇದೇ ಮಾತು.

ನಾಲ್ಕು ಚಕ್ರಕ್ಕೂ ಎಳೆತ ಇರುವ ಕಾರಾದರೆ ಕೈಪಿಡಿ ನೋಡಿ. ಕೆಲವದರಲ್ಲಿ ನಾಲ್ಕು ಟೈರಿನ ಸವೆತದ ನಡುವೆ ಸ್ವಲ್ಪವೇ ವ್ಯತ್ಯಾಸ ಇರಬೇಕು, ಇಲ್ಲವಾದರೆ ಒಳಗಿನ ಗೇರುಗಳಿಗೆ ಪೆಟ್ಟು.

6. ಈಗ ಪ್ಯಾಡ್

ಗಂಟೆಗೆ 100 ಕಿ.ಮೀ. ವೇಗದಲ್ಲಿರುವ 1,200 ಕೆ.ಜಿ. ಕಾರನ್ನು ನಿಲ್ಲಿಸುವಾಗ ಹೊರಬರುವ ಬಿಸಿ ಸುಮಾರು 460 ಕಿಲೋಜೌಲ್. 50ರಲ್ಲಿದ್ದಾಗ ಬರುವುದಕ್ಕಿಂತ ನಾಲ್ಕು ಪಟ್ಟು. ಅದರ ದೊಡ್ಡ ಪಾಲು ಮುಂದಿನ ಎರಡು ಡಿಸ್ಕುಗಳಿಗೆ ಹೋಗುತ್ತದೆ. ಪ್ಯಾಡುಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಈ ಬಿಸಿಯಲ್ಲಿ. ಉದ್ದನೆಯ ಘಾಟಿ ಇಳಿಯುವಾಗ, ತುಂಬಿದ ಕಾರಿನಲ್ಲಿ, ಮತ್ತೆ ಮತ್ತೆ ಬ್ರೇಕ್ ಹಾಕಿದಾಗ ಕೆಟ್ಟ ಪ್ಯಾಡ್ ಕೈಕೊಡುತ್ತದೆ, ಒಳ್ಳೆಯದು ಹಿಡಿಯುತ್ತಲೇ ಇರುತ್ತದೆ. ಊರೊಳಗೆ ಓಡಾಡುವಾಗ ಎರಡೂ ಒಂದೇ ಅನ್ನಿಸಬಹುದು.

ಬಗೆಗಳು ಮುಖ್ಯವಾಗಿ ಮೂರು. ಆರ್ಗ್ಯಾನಿಕ್ ಪ್ಯಾಡಿನಲ್ಲಿ ನಾರು, ರಬ್ಬರ್, ಅಂಟು ಇತ್ಯಾದಿ ಇರುತ್ತದೆ. ಮೆತ್ತಗೆ, ಸದ್ದು ಕಡಿಮೆ, ಡಿಸ್ಕಿಗೆ ಹಿತ, ಆದರೆ ಬೇಗ ಸವೆಯುತ್ತದೆ, ತುಂಬಾ ಬಿಸಿಯಾದರೆ ಸೋಲುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕು, ಕಬ್ಬಿಣದ ಪುಡಿ ಇತ್ಯಾದಿ ಲೋಹ ತುಂಬಾ ಇರುತ್ತದೆ, ತೂಕದ ನೂರಕ್ಕೆ 30ರಿಂದ 65ರವರೆಗೆ. ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಸದ್ದು, ಕಪ್ಪು ಧೂಳು, ಡಿಸ್ಕ್ ಸವೆತ ಜಾಸ್ತಿ. ಸೆರಾಮಿಕ್ ನಿಶ್ಶಬ್ದ, ಧೂಳು ತಿಳಿಬಣ್ಣದ್ದು, ಬಾಳಿಕೆ ಚೆನ್ನಾಗಿದೆ, ಬೆಲೆ ಜಾಸ್ತಿ. ಸೆರಾಮಿಕ್ ಅಂದ ಕೂಡಲೇ ರೇಸ್ ಕಾರು ನೆನಪಾಗುತ್ತದೆ, ಆದರೆ ದುಬಾರಿ ಸ್ಪೋರ್ಟ್ಸ್ ಕಾರುಗಳ ಸೆರಾಮಿಕ್ ಡಿಸ್ಕಿಗೂ ಈ ಪ್ಯಾಡಿಗೂ ಸಂಬಂಧ ಇಲ್ಲ. ಇವು ದಿನದ ಓಡಾಟದ ಪ್ಯಾಡುಗಳು.

ನಿಮಗೆ ಯಾವುದು? ಕಾರಿನ ಜೊತೆ ಯಾವ ಬಗೆ ಬಂದಿತ್ತೋ ಅದೇ ಬಗೆ. ಘಾಟಿ ರಸ್ತೆ, ಭಾರ ಎಳೆಯುವುದು ಜಾಸ್ತಿ ಇದ್ದರೆ ಒಳ್ಳೆಯ ಸೆಮಿ ಮೆಟಾಲಿಕ್ ನೋಡಬಹುದು. ರೇಸಿಂಗ್ ಪ್ಯಾಡ್ ಅಂತ ಮಾರುವುದನ್ನು ಮಾತ್ರ ಮುಟ್ಟಬೇಡಿ. ಅವು ಚೆನ್ನಾಗಿ ಬಿಸಿಯಾದ ಮೇಲೆ ಹಿಡಿಯುವಂತೆ ಮಾಡಿದವು, ಬೆಳಗ್ಗೆ ತಣ್ಣಗಿನ ಕಾರು ಹೊರಗೆ ತೆಗೆದಾಗ ಮೊದಲ ತಿರುವಿನಲ್ಲೇ ಬೆವರಿಳಿಸುತ್ತವೆ.

ಪ್ಯಾಡಿನ ಅಂಚಿನ ಮೇಲೋ ಹಿಂಭಾಗದಲ್ಲೋ ಅಚ್ಚಾದ ಸಾಲು ನೋಡಿ. ಕೆಲವದರ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ, ಇಇ, ಎಫ್‌ಎಫ್, ಜಿಜಿ ಅಥವಾ ಎಫ್‌ಇ ಹೀಗೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಘರ್ಷಣೆ ಎಷ್ಟು ಅಂತ, ಎರಡನೆಯದು ಜಾಸ್ತಿ ಬಿಸಿಯಲ್ಲಿ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎಫ್‌ಎಫ್ ಇದ್ದರೆ ಬಿಸಿಯಲ್ಲೂ ಅದೇ ಹಿಡಿತ, ಎಫ್‌ಇ ಇದ್ದರೆ ಬಿಸಿಯಾದಾಗ ಇಳಿಯುತ್ತದೆ ಅಂತ ತಿಳಿಯಿರಿ. ಜಿಜಿ ಸಿಕ್ಕಿತು ಅಂತ ಹಾರಿಬೀಳಬೇಡಿ. ಮುಂದಕ್ಕೆ ಮಾತ್ರ ಜಾಸ್ತಿ ಹಿಡಿಯುವ ಪ್ಯಾಡ್ ಹಾಕಿದರೆ ಹಿಂದೆ ಮುಂದೆ ಹೊಂದಾಣಿಕೆ ತಪ್ಪುತ್ತದೆ, ಬ್ರೇಕ್ ಹದ ಕಾಲಿಗೆ ಸಿಗುವುದಿಲ್ಲ.

ಯುರೋಪಿನ ನಿಯಮದ ಪ್ಯಾಡಾದರೆ ವೃತ್ತದೊಳಗೆ ಇ ಅಕ್ಷರ ಮತ್ತು 90ಆರ್ ಅಂತ ಇರುತ್ತದೆ. ಇದು ಆರ್90 ಅನ್ನುವ ನಿಯಮದ ಗುರುತು, ಅಂದರೆ ಆ ಪ್ಯಾಡನ್ನು ಕಾರಿನ ಮೂಲ ಪ್ಯಾಡಿಗೆ ಹೋಲಿಸಿ ಪರೀಕ್ಷೆ ಮಾಡಿದ್ದಾರೆ, ಹಿಡಿತ ಮೂಲದ ಹತ್ತಿರವೇ ಇರಬೇಕು, ನೂರಕ್ಕೆ 15ರ ಒಳಗಿನ ವ್ಯತ್ಯಾಸ ಮಾತ್ರ ಒಪ್ಪುತ್ತಾರೆ. ಬೇರೆ ಕಂಪನಿಯ ಪ್ಯಾಡ್ ತಗೊಳ್ಳುವಾಗ ನನಗೆ ಎಲ್ಲಕ್ಕಿಂತ ಧೈರ್ಯ ಕೊಡುವ ಗುರುತು ಇದು.

ಡೂಪ್ಲಿಕೇಟ್ ಕಾಟ ಪ್ಯಾಡಿನಲ್ಲಿ ಜಾಸ್ತಿ. ಪೆಟ್ಟಿಗೆ ಮೇಲಿನ ಅಕ್ಷರ ತಪ್ಪಾಗಿದೆಯಾ, ಪೆಟ್ಟಿಗೆಯ ನಂಬರಿಗೂ ಪ್ಯಾಡಿನ ಮೇಲಿನ ನಂಬರಿಗೂ ತಾಳೆ ಆಗುತ್ತಾ, ಉಜ್ಜುವ ವಸ್ತುವಿನಲ್ಲಿ ಬಿರುಕೋ ತಗಡಿನಿಂದ ಬಿಟ್ಟುಕೊಂಡ ಅಂಚೋ ಇದೆಯಾ ನೋಡಿ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ. ಕಾರಿನ ಮಾದರಿ ಮತ್ತು ವರ್ಷ ಹೇಳಿದರೆ ಸಾಲದು, ಒಂದೇ ಕಾರಿಗೆ ಎಂಜಿನ್ ಮತ್ತು ಡಿಸ್ಕ್ ಸೈಜಿನ ಪ್ರಕಾರ ಬೇರೆ ಬೇರೆ ಪ್ಯಾಡ್ ಇರುತ್ತದೆ. ಚಾಸಿ ನಂಬರ್ ಕೊಟ್ಟು ಬಿಡಿಭಾಗದ ನಂಬರ್ ತೆಗೆಸಿ, ಅದನ್ನು ಇಟ್ಟುಕೊಂಡು ಹುಡುಕಿ.

7. ಪ್ಯಾಡಿನ ಜೊತೆ ಇನ್ನೇನು

ಪ್ಯಾಡ್ ಯಾವಾಗಲೂ ಒಂದು ಅಚ್ಚಿನ ಎರಡೂ ಚಕ್ರಕ್ಕೆ. ಒಂದೇ ಕಡೆ ಹಾಕಿದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುತ್ತದೆ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚಾಗಿರುತ್ತದೆ. ಅಳೆದು ನೋಡಿಸಿ. ಅದಕ್ಕಿಂತ ತೆಳುವಾಗಿದ್ದರೆ ಅಥವಾ ಹೊಸ ಪ್ಯಾಡ್ ಸವೆಯುವಷ್ಟರಲ್ಲಿ ಆಗುವಂತಿದ್ದರೆ ಡಿಸ್ಕೂ ಬದಲಿಸಿ, ಅದೂ ಜೋಡಿಯಾಗಿ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬಾಗಿದೆ ಅನ್ನುತ್ತಾರೆ. ಬಹಳ ಸಲ ಅದು ಬಾಗಿರುವುದಿಲ್ಲ, ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇಲ್ಲದಿರುವುದು ಅಥವಾ ಪ್ಯಾಡಿನ ವಸ್ತು ಅಲ್ಲಲ್ಲಿ ಅಂಟಿಕೊಂಡಿರುವುದು ಕಾರಣ.

ಕ್ಯಾಲಿಪರ್ ಪಿನ್ ತೆಗೆದು ಒರೆಸಿ ಬ್ರೇಕಿಗೆಂದೇ ಇರುವ ಗ್ರೀಸ್ ಹಾಕಬೇಕು. ಮಾಮೂಲಿ ಗ್ರೀಸ್ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ಪ್ಯಾಡ್ ಕೂರುವ ಕ್ಲಿಪ್ಪುಗಳು ಹೊಸ ಸೆಟ್ಟಿನಲ್ಲಿ ಬಂದಿದ್ದರೆ ಅವನ್ನೇ ಹಾಕಿಸಿ. ಹಿಂದಿನ ಚಕ್ರಕ್ಕೆ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಪಿಸ್ಟನ್ ಸುಮ್ನೆ ಒತ್ತಿ ಒಳಗೆ ತಳ್ಳುವ ಹಾಗಿಲ್ಲ, ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಕ್ಯಾಲಿಪರನ್ನು ಬ್ರೇಕ್ ಪೈಪಿನ ಮೇಲೆ ನೇತಾಡಿಸಬಾರದು, ತಂತಿಯಿಂದ ಕಟ್ಟಿಡಬೇಕು. ಹಳೆ ಧೂಳನ್ನು ಗಾಳಿ ಹೊಡೆದು ಹಾರಿಸುವವರು ಕಂಡರೆ ತಡೆಯಿರಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒದ್ದೆ ಮಾಡಿ ಒರೆಸಬೇಕು.

ಬ್ರೇಕ್ ಆಯಿಲ್ ಎರಡು ವರ್ಷದ ಮೇಲಾಗಿದ್ದರೆ ಇದೇ ಸಮಯಕ್ಕೆ ಬದಲಿಸಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ತೇವ ಸೇರಿದ ಮೇಲಿನ ಅಳತೆ 155. ಘಾಟಿಯಲ್ಲಿ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದಕ್ಕೆ ಇದೂ ಒಂದು ಕಾರಣ, ಪ್ಯಾಡನ್ನೇ ಬೈಯುವುದು ಸರಿಯಲ್ಲ. ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕಿ. ಡಾಟ್ 5 ಸಿಲಿಕೋನಿನದು, ಅದನ್ನು 3, 4, 5.1 ಇವುಗಳ ಜೊತೆ ಬೆರೆಸಬಾರದು.

8. ಹಾಕಿಸುವ ದಿನ ಮತ್ತು ಆಮೇಲೆ

ಟೈರಿಗೆ ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಎರಡೂ ಮಾಡಿಸಿ. ಪಕ್ಕದಲ್ಲಿ ಬಾಣದ ಗುರುತಿದ್ದರೆ ಚಕ್ರ ಆ ದಿಕ್ಕಿಗೇ ತಿರುಗಬೇಕು. ಹೊರಮುಖ ಅಂತ ಬರೆದಿದ್ದರೆ ಅದು ಹೊರಗೇ ಇರಬೇಕು. ಉಲ್ಟಾ ಹಾಕಿಬಿಡುವುದು ನೀವು ಅಂದುಕೊಂಡಿರುವುದಕ್ಕಿಂತ ಸಾಮಾನ್ಯ, ಕಾರು ಹೊರಡುವ ಮೊದಲು ನಾಲ್ಕೂ ಸುತ್ತಿ ನೋಡಿ. ಗಾಳಿ ಕಾರಿನ ಚೀಟಿಯಲ್ಲಿರುವಷ್ಟು, ಟೈರ್ ತಣ್ಣಗಿದ್ದಾಗ. ಟೈರಿನ ಪಕ್ಕದಲ್ಲಿ ಬರೆದಿರುವ ಒತ್ತಡ ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ.

ಚಕ್ರದ ನಟ್ಟುಗಳನ್ನು ಗನ್ನಿನಲ್ಲಿ ಬಿಗಿದು ಬಿಡುತ್ತಾರೆ. ಕೊನೆಗೆ ಟಾರ್ಕ್ ಸ್ಪ್ಯಾನರಿನಲ್ಲಿ (ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಸ್ಪ್ಯಾನರ್) ಕೈಪಿಡಿಯ ಅಳತೆಗೆ ಬಿಗಿಯಲು ಹೇಳಿ.

ಹೊಸ ಪ್ಯಾಡ್ ಹಾಕಿದ ಮೇಲೆ ಗ್ಯಾರೇಜಿನಿಂದ ಹೊರಡುವ ಮೊದಲು, ಕಾರು ನಿಂತಿದ್ದಾಗಲೇ, ಪೆಡಲ್ ಗಟ್ಟಿಯಾಗುವವರೆಗೆ ಕೆಲವು ಸಲ ತುಳಿಯಿರಿ. ಪಿಸ್ಟನ್ ಒಳಗೆ ತಳ್ಳಿರುವುದರಿಂದ ಮೊದಲ ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದು ಹಿಂದಿನ ಗೋಡೆಗೆ ಗುದ್ದಿದವರಿದ್ದಾರೆ.

ಆಮೇಲೆ ಪ್ಯಾಡನ್ನು ಡಿಸ್ಕಿಗೆ ಪಳಗಿಸಬೇಕು. ಪ್ಯಾಡ್ ಕಂಪನಿ ಹೇಳಿದ ಕ್ರಮ ಇದ್ದರೆ ಅದನ್ನೇ ಮಾಡಿ. ಇಲ್ಲವಾದರೆ ಖಾಲಿ ರಸ್ತೆಯಲ್ಲಿ 50ರಿಂದ 60 ಕಿ.ಮೀ. ವೇಗಕ್ಕೆ ಹೋಗಿ, ಹದವಾಗಿ ಬ್ರೇಕ್ ಹಾಕಿ 10ರ ಹತ್ತಿರಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮತ್ತೆ ವೇಗ ಹಿಡಿದು, ಸ್ವಲ್ಪ ದೂರ ಹೋಗಿ, ಮತ್ತೆ ಹಾಗೇ ಇಳಿಸಿ. ಎಂಟು ಹತ್ತು ಸಲ ಸಾಕು. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಡಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ, ಮುಂದಿನ ನಡುಕ ಅಲ್ಲಿಂದಲೇ ಶುರು. ಮೊದಲ ಕೆಲವು ನೂರು ಕಿ.ಮೀ. ಮುಂದಿನ ಗಾಡಿಯಿಂದ ಸ್ವಲ್ಪ ಜಾಸ್ತಿ ದೂರ ಇಟ್ಟುಕೊಳ್ಳಿ, ಹೊಸ ಟೈರಿನ ಮೇಲ್ಪದರವೂ ಅಚ್ಚಿನಿಂದ ಬಂದ ನುಣುಪಿನದು, ಅದು ಉಜ್ಜಿ ಹೋಗುವವರೆಗೆ ಹಿಡಿತ ಪೂರ್ತಿ ಬಂದಿರುವುದಿಲ್ಲ.

50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ಸ್ಪ್ಯಾನರಿನಲ್ಲಿ ನೋಡಿಸಿ. ಪ್ಯಾಡಿನ ಖಾಲಿ ಪೆಟ್ಟಿಗೆ ಬಿಸಾಡಬೇಡಿ, ಅದರ ಮೇಲಿನ ನಂಬರಿನ ಜೊತೆ ಹಾಕಿಸಿದ ತಾರೀಖು, ಮೀಟರ್ ರೀಡಿಂಗ್ ಮತ್ತು ಟೈರುಗಳ ನಾಲ್ಕು ಅಂಕೆ ಬರೆದು ಕಾರಿನ ಕಾಗದಗಳ ಜೊತೆ ಇಡಿ.